ಸುಮ್ಮನೆ ಮನೆಯಲ್ಲಿದ್ದವರು

ಬೇಬಿ ಪೌಡರ್ ಮತ್ತು ಸ್ಪಿರಿಟ್ ಎರಡೂ ಒಟ್ಟಿಗೆ ಮೂಗಿಗೆ ಬಡಿದರೆ ನನಗೆ ಸಿಟ್ಟು ಬರುತ್ತದೆ. ಕಳೆದ ವಾರ ನಮ್ಮೂರಿನ ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯ ನರ್ಸಿಂಗ್ ಹೋಮೊಂದಕ್ಕೆ ಹೋಗಿದ್ದೆ, ಆಪರೇಷನ್ ಆಗಿದ್ದ ಸಹೋದ್ಯೋಗಿಯನ್ನು ನೋಡಲು. ಕಾರಿಡಾರಿನಲ್ಲೇ ಆ ವಾಸನೆ ಎದುರಾಯಿತು. ಹಿಡಿದಿದ್ದ ಎಳನೀರಿನ ಚೀಲದ ಸಮೇತ ನಿಂತುಬಿಟ್ಟೆ. ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ಅವರ ಬಗ್ಗೆ ಬರೆಯುವಾಗ ಹುಷಾರಾಗಿರಬೇಕು. ದಾವಣಗೆರೆಯ ಒಂದು ಕಾಲೇಜಿನಲ್ಲಿ ಹುಡುಗರಿಗೆ ಸಿ.ವಿ. ಬರೆಯುವುದನ್ನು ಕಲಿಸುವುದು ನನ್ನ ಕೆಲಸ. ಸಿ.ವಿ. ಎಂದರೆ ಬದುಕಿಗೆ ಇಸ್ತ್ರಿ ಹಾಕಿ ಒಂದು ಪುಟದಲ್ಲಿ ಮಡಚಿಡುವುದು. ಆ ಚಾಳಿ ನೆನಪಿಗೂ ಅಂಟಿಕೊಳ್ಳುತ್ತದೆ. ಸತ್ತವರು ನೆನಪಿನಲ್ಲಿ ಬಲು ಬೇಗ ದೇವರಾಗುತ್ತಾರೆ. ಅಕ್ಕ ದೇವರಾಗಿರಲಿಲ್ಲ. ಲಕ್ವ ಹೊಡೆದು ಮಲಗಿದ್ದ ಅತ್ತೆಯ ಮೇಲೆ ರೇಗುತ್ತಿದ್ದುದು ಗೋಡೆ ದಾಟಿ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. 'ಇನ್ನೊಂದು ತುತ್ತು ತಿನ್ರಿ ಅತ್ತೆ! ಇಲ್ಲಾಂದ್ರೆ ಹಬ್ಬದ ಹೋಳಿಗೆ ನಿಮ್ಮ ಮುಂದೇ ಕುಂತು ನಾನೊಬ್ಬಾಕೆನೇ ತಿಂತೀನಿ ನೋಡ್ರಿ!' ಆಮೇಲೆ ಮುದುಕಿಯ ಗೊಗ್ಗರು ನಗು. ಆ ನಗು ನಿಜವಾಗಿ ಕೇಳಿದ್ದೋ, ಈಗ ನಾನು ಸೇರಿಸುತ್ತಿರುವುದೋ... ತಿಳಿಯದು.

ಆದರೆ ವಾಸನೆ ನಿಜ. ಅಕ್ಕನ ಸೆರಗು, ಕೈ, ನಮ್ಮ ಮನೆಗೆ ಕೊಟ್ಟು ಕಳಿಸುತ್ತಿದ್ದ ಬಟ್ಟಲು, ಎಲ್ಲಕ್ಕೂ ಪೌಡರ್ ಮತ್ತು ಸ್ಪಿರಿಟ್ಟಿನ ವಾಸನೆ ಇರುತ್ತಿತ್ತು. ಎಂಟೋ ಒಂಬತ್ತೋ ವರ್ಷ ಆ ಮುದುಕಿಯ ಬೆನ್ನಿಗೆ ಒಂದು ಹುಣ್ಣೂ ಆಗದಂತೆ ನೋಡಿಕೊಂಡರು. ಎದುರುಮನೆಯ ಸಾಬರ ಹಿರಿಯರು ಆಸ್ಪತ್ರೆಯಿಂದ ಮಲಗಿದ ಸ್ಥಿತಿಯಲ್ಲೇ ಮನೆಗೆ ಬಂದಾಗ, ಅವರ ಸೊಸೆಗೆ ಮಗ್ಗುಲು ಬದಲಿಸುವುದನ್ನು ಕಲಿಸಿದವರೂ ಅಕ್ಕನೇ. 'ಚಾದರ ಎಳೀರಿ, ಮನುಷ್ಯನ್ನ ಎಳೀಬ್ಯಾಡ್ರಿ' ಎಂದು ಹೇಳುತ್ತಾ ಆ ಹುಡುಗಿಯ ಕೈ ಹಿಡಿದು ತೋರಿಸುತ್ತಿದ್ದರು. ಆಗ ಅವರು ಮದುವೆಗೆ ಮುಂಚಿನ ಟೀಚರ್ ಆಗುತ್ತಿದ್ದರು. ಹರಿಹರದ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದವರು ಅವರು.

ಅತ್ತೆ ಹೋದ ಮೇಲೆ ಮನೆ ಅವರಿಗೆ ದೊಡ್ಡದಾಯಿತು. ಒಂದು ಮಧ್ಯಾಹ್ನ ಬಂದು ನಮ್ಮ ಊಟದ ಮೇಜಿನ ಮುಂದೆ ಕುಳಿತರು. ಅದೇ ಬಿ ಬ್ಲಾಕಿನ ನರ್ಸಿಂಗ್ ಹೋಮಿನಲ್ಲಿ ಜನ ಬೇಕಂತೆ, ಕೆಲಸ ಇಷ್ಟೇ: ಹಾಸಿಗೆ ಹಿಡಿದ ರೋಗಿಗಳು ಮನೆಗೆ ಹೊರಡುವ ಮುನ್ನ ಅವರ ಮನೆಯವರಿಗೆ ಆರೈಕೆ ಹೇಳಿಕೊಡುವುದು. ನರ್ಸಿಂಗ್ ಓದಿರಬೇಕೆಂದಿಲ್ಲ. ಸಿ.ವಿ. ತರಬೇಕು.

'ಟೀಚರ್ ಕೆಲಸಕ್ಕೇ ಯಾಕೆ ಹೋಗಬಾರದು?' ಎಂದೆ.

'ಮತ್ತ ಮಗ್ಗಿ ಹೇಳಿಸೋಕೆ ನಂಗಾಗಲ್ರಿ ಮೇಡಂ. ಈ ಕೆಲಸ ನಂಗೆ ಬರ್ತೈತೆ. ನಂದೂ ಅಂತ ಒಂದು ಕೆಲಸ ಬೇಕು, ಅಷ್ಟೇ.'

ಲ್ಯಾಪ್‌ಟಾಪ್ ತೆರೆದೆ. ತರಗತಿಯಲ್ಲಿ ಹೇಳುವುದನ್ನೇ ಹೇಳಿದೆ. ಕೆಲಸದ ದಾರಿ ಬದಲಿಸುವವರು ಹಳೆಯ ಹುದ್ದೆಯಿಂದ ಶುರು ಮಾಡಬಾರದು, ಹೊಸ ಕೆಲಸಕ್ಕೆ ಒದಗುವುದು ಯಾವುದೋ ಅದನ್ನು ಮೇಲೆ ತರಬೇಕು. 'ಶ್ರಮಜೀವಿ', 'ಪ್ರಾಮಾಣಿಕ' ಎಂಬಂಥ ವಿಶೇಷಣ ಬೇಡ, ಏನು ಮಾಡಿದಿರಿ ಅದನ್ನು ಹೇಳಿ. ಸಂಬಳವಿಲ್ಲದ ವರ್ಷಗಳನ್ನು ಮುಚ್ಚಿಡಬೇಡಿ.

'ಸಂಬಳ ಇಲ್ಲದ ವರ್ಷ ಟೂರಿಗೆ ಹೋಗಿದ್ದೆ ಅಂತ ಬರೀರಿ' ಎಂದು ನಕ್ಕರು. ನಾನು ಬರೆದದ್ದು ಬೇರೆ. ಮನೆಯಲ್ಲಿ ಪಾರ್ಶ್ವವಾಯು ಪೀಡಿತರೊಬ್ಬರ ಪೂರ್ಣಾವಧಿ ಆರೈಕೆ. ಅದರ ಕೆಳಗೆ, ನೆರೆಯ ಕುಟುಂಬಕ್ಕೆ ಆರೈಕೆಯ ತರಬೇತಿ. ಅದರ ಕೆಳಗೆ ಶಾಲೆ. ಅಕ್ಕ ಪರದೆಯ ಹತ್ತಿರ ಬಗ್ಗಿ, ಬೆರಳಿಟ್ಟು, ಮೊದಲ ಸಾಲನ್ನು ಓದಿದರು. ಮತ್ತೊಮ್ಮೆ ಓದಿದರು. ಸಂಜೆಯೇ ಸ್ಟುಡಿಯೋಗೆ ಹೋಗಿ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸಿಕೊಂಡು ಬಂದರು. ಹಸಿರು ಸೀರೆ, ಒಂದಿಷ್ಟು ಜಾಸ್ತಿಯೇ ಪೌಡರ್.

ಅವರ ಗಂಡನಿಗೆ ಬೀಜ-ಗೊಬ್ಬರದ ಅಂಗಡಿ ಇತ್ತು. ಮರುದಿನ ಅವರು ಸಿ.ವಿ.ಯ ಪ್ರಿಂಟು ಹಿಡಿದು ನಮ್ಮ ಬಾಗಿಲಿಗೆ ಬಂದರು, ಹಿಂದೆ ಅಕ್ಕ.

'ಏನ್ರಿ ಮೇಡಂ ಇದು? ನಮ್ಮವ್ವನ ಹೇಲು ಉಚ್ಚೆನ ಊರ ಮುಂದ ಇಡ್ತೀರೇನು?'

'ಅವರು ಮಾಡಿದ ಕೆಲಸ ಅದು' ಎಂದೆ.

'ಕೆಲಸ ಅಲ್ರಿ, ಸೇವಾ. ಸೊಸಿ ಅತ್ತಿ ಸೇವಾ ಮಾಡಿದ್ದನ್ನ ಯಾರಾದ್ರೂ ಎಕ್ಸ್‌ಪೀರಿಯನ್ಸ್ ಅಂತ ಬರೀತಾರೇನು? ನಾಳೆ ಜನ, ಇವ್ರ ಮನ್ಯಾಗ ಸೊಸಿ ಆಳಾಗಿದ್ಲು ಅಂತಾರೆ. ತಗೀರಿ ಅದನ್ನ. ಬೇಕಾದ್ರೆ ಸ್ಕೂಲಿಂದು ಇರ್ಲಿ.'

ನಾನು ಅವರ ಬಾಯಿ ಮುಚ್ಚಿಸುವಂಥ ಒಂದು ಉತ್ತರ ಕೊಟ್ಟೆ ಎಂದು ನನ್ನ ನೆನಪು ಹೇಳುತ್ತದೆ. ನಾನು ಅದನ್ನು ನಂಬುವುದಿಲ್ಲ. ಇಷ್ಟು ಒಳ್ಳೆಯ ಮಾತು ಆ ಗಳಿಗೆಗೆ ಯಾರ ಬಾಯಿಗೂ ಬರುವುದಿಲ್ಲ, ಆಮೇಲೆ ಸ್ನಾನದ ಮನೆಯಲ್ಲಿ ಬರುತ್ತದೆ. ಆದದ್ದು ಇಷ್ಟು: ಅಕ್ಕ ಅಂಗಳದ ತುಳಸಿಯನ್ನು ನೋಡುತ್ತಾ, 'ತಗದ್ಬಿಡ್ರಿ ಮೇಡಂ' ಎಂದರು. ಅವರ ಸಿ.ವಿ. ಅವರದು. ತೆಗೆದೆ. ಮೇಲಿನೆರಡು ಸಾಲು ಹೋಗಿ, ಪುಟದ ನೆತ್ತಿಯಲ್ಲಿ ಯಾವುದೋ ಕಾಲದ ಗಣಿತದ ಟೀಚರ್ ಒಬ್ಬಳು ಉಳಿದಳು.

ಸಂದರ್ಶನಕ್ಕೆ ಗಂಡನೂ ಜೊತೆಗೆ ಹೋದರು. ನಮ್ಮಲ್ಲಿ ಹಾಗೇ. ಹೆಂಗಸಿನ ಸಂದರ್ಶನಕ್ಕೆ ಒಂದು ಕುರ್ಚಿ ಹೆಚ್ಚಿಗೆ ಹಾಕುತ್ತಾರೆ. ಏನಾಯಿತೆಂದು ಅಕ್ಕನೇ ಸಂಜೆ ಹೇಳಿದರು, ಗಂಡನ ದನಿ ಮಾಡಿಕೊಂಡು, ಮಂಡಕ್ಕಿ ಜೊತೆ ಮೆಣಸಿನಕಾಯಿ ಕಚ್ಚುತ್ತಾ.

'ಇಷ್ಟು ವರ್ಷ ಏನ್ ಮಾಡ್ತಿದ್ರಿ ಅಂತ ಆ ಸರ್ ಕೇಳಿದ್ರು. ನಾನು ಬಾಯಿ ತಗಿಯೋದ್ರೊಳಗ ಇವ್ರು, ಮನ್ಯಾಗ ಇದ್ಲು ಸರ್, ಸುಮ್ನೆ, ಅಂದ್ರು.'

'ನೀವೇನಂದ್ರಿ?'

'ನಾನೂ ಸುಮ್ನೇ ಇದ್ದೆ' ಎಂದರು. ಕಣ್ಣಲ್ಲಿ ನೀರು ಬಂತು. 'ಮೆಣಸಿನಕಾಯಿ ಭಾಳ ಖಾರ ಐತ್ರಿ.'

ಕೆಲಸ ಸಿಗಲಿಲ್ಲ. ಅವರು ಮತ್ತೆ ಎಲ್ಲಿಗೂ ಅರ್ಜಿ ಹಾಕಲಿಲ್ಲ. ಸ್ವಲ್ಪ ದಿನಕ್ಕೆ ಅಂಗಡಿ ಹರಿಹರಕ್ಕೆ ಹೋಯಿತು, ಅದರ ಹಿಂದೆ ಮನೆಯೂ. ಫೋನು ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ... ಒಂದು ದಿನ ಎದೆ ನೋವೆಂದರಂತೆ. ದಾವಣಗೆರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಶಿವಗಣಾರಾಧನೆಗೆ ಹರಿಹರಕ್ಕೆ ಹೋದೆ. ಅವರ ಬೀದಿಯ ತಿರುವಿನಲ್ಲಿ ಆಳೆತ್ತರದ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಅಕ್ಕ, ಹಸಿರು ಸೀರೆ, ಜಾಸ್ತಿ ಪೌಡರ್. ಸಿ.ವಿ.ಗೆಂದು ತೆಗೆಸಿದ ಫೋಟೋ, ಹಿಗ್ಗಿಸಿ ಹಿಗ್ಗಿಸಿ ಮುಖ ಮಸುಕಾಗಿತ್ತು. ಕೆಳಗೆ ಕೆಂಪಕ್ಷರ: 'ಅತ್ತೆಯ ಸೇವೆಯನ್ನೇ ಉಸಿರಾಗಿಸಿಕೊಂಡಿದ್ದ ಆದರ್ಶ ಸೊಸೆ, ತ್ಯಾಗಮಯಿ, ಸಹನಾಮೂರ್ತಿ.' ಇಡೀ ಊರ ಮುಂದೆ. ಕಥೆ ಇಷ್ಟು ಚೊಕ್ಕವಾಗಿ ಬಂದು ಕೂತರೆ ನಾನು ಸಾಮಾನ್ಯವಾಗಿ ಅನುಮಾನಿಸುತ್ತೇನೆ. ಆದರೆ ಈ ಫ್ಲೆಕ್ಸನ್ನು ನಾನು ಕಟ್ಟಲಿಲ್ಲ, ಅವರು ಕಟ್ಟಿದರು.

ಗಂಡ ಪಕ್ಕಕ್ಕೆ ಬಂದು ನಿಂತರು. ಸೊರಗಿದ್ದರು, ಗಡ್ಡ ಬಿಟ್ಟಿದ್ದರು. 'ಬರ್ದಿದ್ದು ಚಲೋ ಐತೇನ್ರಿ ಮೇಡಂ? ನಿಮಗ ಇದೆಲ್ಲ ಗೊತ್ತಾಗ್ತೈತೆ.'

'ಇದನ್ನೇ ಅಲ್ವಾ ನೀವು ಸಿ.ವಿ.ಯಿಂದ ತೆಗೆಸಿದ್ದು?' ಎಂದೆ. ಇದು ಮಾತ್ರ ಖಂಡಿತ ಅಂದೆ. ಪಕ್ಕದಲ್ಲಿದ್ದವರು ತಿರುಗಿ ನೋಡಿದರು.

'ಅದು ಬ್ಯಾರೆ ಇತ್ತಲ್ರಿ' ಎಂದರು ಅವರು. ನಿಜಕ್ಕೂ ಬೇರೆ ಎಂದೇ ನಂಬಿದ್ದರು. ನಾನು ಎಲೆಗೆ ಕೂರದೆ ಬಸ್ ಸ್ಟ್ಯಾಂಡಿಗೆ ನಡೆದೆ.

ಕಳೆದ ವಾರದ ಕಾರಿಡಾರಿನಲ್ಲಿ ಸಿಟ್ಟು ಇನ್ನೂ ಹಾಗೇ ಇತ್ತು. ತೆರೆದ ಬಾಗಿಲಿನ ರೂಮೊಂದರಲ್ಲಿ, ಡಿಸ್ಚಾರ್ಜ್ ಆಗಿ ಹೊರಡಬೇಕಿದ್ದ ಹೆಂಗಸೊಬ್ಬರನ್ನು ಸೊಸೆಯೋ ಮಗಳೋ, ಇಪ್ಪತ್ತರ ಆಸುಪಾಸಿನ ಹುಡುಗಿ, ತೋಳು ಹಿಡಿದು ಎಳೆದು ಮಗ್ಗುಲಾಗಿಸಲು ನೋಡುತ್ತಿದ್ದಳು. ರೋಗಿ ನರಳುತ್ತಿದ್ದರು. ಹೇಳಿಕೊಡಲು ಅಲ್ಲಿ ಯಾರೂ ಇರಲಿಲ್ಲ. ಎಳನೀರು ಕೆಳಗಿಟ್ಟು ಒಳಗೆ ಹೋದೆ.

'ಚಾದರ ಎಳೀರಿ, ಮನುಷ್ಯನ್ನ ಎಳೀಬ್ಯಾಡ್ರಿ.'

ಇಬ್ಬರೂ ಸೇರಿ ಎಳೆದೆವು. ರೋಗಿಯ ಮುಖ ಸಡಿಲಾಯಿತು. ಹುಡುಗಿ ಬೆವರು ಒರೆಸಿಕೊಂಡು, 'ನೀವು ನರ್ಸಾ ಆಂಟಿ?' ಎಂದಳು.

'ಅಲ್ಲ.'

'ಮತ್ತೆ ಯಾರು ಹೇಳ್ಕೊಟ್ರು?'

'ಒಬ್ರಿದ್ರು' ಎಂದೆ, 'ಮನ್ಯಾಗ. ಸುಮ್ನೆ.' ನನ್ನ ದನಿ ಎಷ್ಟು ಜೋರಾಗಿತ್ತೆಂದರೆ, ಹುಡುಗಿ ಹೆದರಿ ಚಾದರ ಬಿಟ್ಟಳು.