ಮಂಡಿ ರೇವಣಸಿದ್ದಪ್ಪನವರ ಕಿವಿ

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಒಂದು ಕಾಲಕ್ಕೆ ರೇವಣಸಿದ್ದಪ್ಪನವರಿಗಿಂತ ಅವರ ಕಿವಿಗೇ ಹೆಚ್ಚು ಮರ್ಯಾದೆ ಇತ್ತು. ಎರಡು ಉಂಡೆ ಕೊಬ್ಬರಿಯನ್ನು ಕಿವಿಯ ಹತ್ತಿರ ಹಿಡಿದು, ಒಂದಕ್ಕೊಂದು ತಟ್ಟಿ, ಕಣ್ಣು ಮುಚ್ಚಿ, "ಇನ್ನೂ ಹಸಿ ಐತೆ, ತಗಂಡೋಗು" ಎಂದರೆ ಮುಗಿಯಿತು. ಮಾಲು ತಂದವನಿಗೆ ಮೇಲ್ಮನವಿ ಸಲ್ಲಿಸಲು ಬೇರೆ ಕೋರ್ಟು ಇರಲಿಲ್ಲ. ಮಠದ ಸಭೆಗಳಲ್ಲೂ ಮುಂದಿನ ಸಾಲಿನಲ್ಲಿ ತಲೆ ವಾರೆ ಮಾಡಿಕೊಂಡು ಕೂರುತ್ತಿದ್ದರು. ಭಾಷಣ ಮಾಡುವವರು ತಮ್ಮ ಮಾತೂ ಹಸಿಯಾಗಿದೆಯೇನೋ ಎಂದು ಹೆದರುತ್ತಿದ್ದರು.

ಅಂಥ ಕಿವಿ ಎಪ್ಪತ್ತು ದಾಟಿದ ಮೇಲೆ ಕೈಕೊಟ್ಟಿತು. ಅಷ್ಟರಲ್ಲಿ ಮಗ ಮಂಡಿ ನೋಡಿಕೊಳ್ಳುತ್ತಿದ್ದುದರಿಂದ ವ್ಯಾಪಾರಕ್ಕೆ ತೊಂದರೆಯಾಗಲಿಲ್ಲ. ಸೊಸೆ ಪುಷ್ಪಲತಾ ಕಿವಿಗೆ ಮೆಷಿನ್ ಹಾಕಿಸೋಣ ಎಂದಾಗ, "ನಂಗೇನಾಗೈತಮ್ಮ? ಈಗಿನೋರು ಬಾಯಿ ಬಿಟ್ಟು ಮಾತಾಡಲ್ಲ ಅಷ್ಟೆ" ಎಂದುಬಿಟ್ಟರು. ಊರಿಗೆ ಊರೇ ಒಟ್ಟಿಗೆ ಗಂಟಲು ಕೆಡಿಸಿಕೊಂಡಿದೆ ಎಂಬುದು ಅವರ ತೀರ್ಮಾನವಾಗಿತ್ತು.

ಕೆಟ್ಟ ಗಂಟಲಿನ ಜನರೊಂದಿಗೆ ಬಾಳುವುದಕ್ಕೆ ಅವರು ಒಂದು ಉಪಾಯ ಕಂಡುಕೊಂಡರು. ಎದುರಿನವರ ಮುಖ ನೋಡುವುದು. ಮುಖ ಜೋಲು ಬಿದ್ದಿದ್ದರೆ, "ಎಲ್ಲಾ ಶಿವನಿಚ್ಛೆ" ಎನ್ನುವುದು. ನಗು ಕಂಡರೆ ತಾವೂ ನಕ್ಕು, "ಒಳ್ಳೇದೇ ಆಯ್ತು ಬಿಡಿ" ಎನ್ನುವುದು. ಆಶ್ಚರ್ಯವೆಂದರೆ, ಊರಿನ ಮುಕ್ಕಾಲು ಪಾಲು ಮಾತುಕತೆಗೆ ಈ ಎರಡು ಉತ್ತರ ಧಾರಾಳವಾಗಿ ಸಾಕಾಗುತ್ತಿದ್ದವು. ಕೆಲವರಂತೂ ಯಜಮಾನರು ಈಚೆಗೆ ಬಹಳ ಸಮಾಧಾನಿಯಾಗಿದ್ದಾರೆ ಎಂದು ಹೊಗಳಿದರು. ಆ ಹೊಗಳಿಕೆಯೂ ಕೇಳಿಸದೆ ಅವರು, "ಎಲ್ಲಾ ಶಿವನಿಚ್ಛೆ" ಎಂದರು.

ಸಾಲದೆ ಹೋಗಿದ್ದು ಕಣಕಟ್ಟೆಯ ಚಿದಂಬರನಿಗೆ.

ಚಿದಂಬರ ತೆಂಗಿನ ತೋಟದವನು, ಅವರದೇ ವಯಸ್ಸಿನವನು. ಹುಡುಗನಾಗಿದ್ದಾಗ ಅಪ್ಪನ ಗಾಡಿಯಲ್ಲಿ ಕೊಬ್ಬರಿ ತರುತ್ತಿದ್ದವನು, ಆಮೇಲೆ ಕೊಬ್ಬರಿ ಇರಲಿ ಬಿಡಲಿ, ಸಂತೆಯ ದಿನ ಬಂದು ರೇವಣಸಿದ್ದಪ್ಪನವರ ಜಗಲಿಯ ಮೇಲೆ ಕಾಲು ಚಾಚಿ ಕೂರುತ್ತಿದ್ದ. ರೇವಣಸಿದ್ದಪ್ಪನವರಿಗೆ ಈಗ ಹೆಂಡತಿ ಇಲ್ಲ, ಅಣ್ಣತಮ್ಮಂದಿರಿಲ್ಲ. ಈ ಭೂಮಿಯ ಮೇಲೆ ಅವರನ್ನು "ಏನ್ಲಾ ಸಿದ್ದ" ಎನ್ನುವ ಬಾಯಿ ಅದೊಂದೇ ಉಳಿದಿತ್ತು. ಅದನ್ನು ಕೇಳಬೇಕಾಗಿಯೂ ಇರಲಿಲ್ಲ, ತುಟಿ ಅಲುಗಿದರೆ ಗೊತ್ತಾಗುತ್ತಿತ್ತು.

ಚಿದಂಬರನಿಗೆ ಒಂದು ಅಭ್ಯಾಸ. ನಾಚಿಕೆಯಾದಾಗ, ಸಂಕಟವಾದಾಗ ನಗುತ್ತಾನೆ. ಹೋದ ಯುಗಾದಿಯ ಹಿಂದುಮುಂದು ಒಂದು ದಿನ ಜಗಲಿಗೆ ಬಂದು, ಸುತ್ತ ನೋಡಿ, ಬಗ್ಗಿ, ತಗ್ಗಿದ ದನಿಯಲ್ಲಿ ಏನೋ ಹೇಳಿ, ಹಲ್ಲು ಕಾಣುವಂತೆ ನಕ್ಕ. ರೇವಣಸಿದ್ದಪ್ಪನವರು ತೊಡೆ ತಟ್ಟಿ ನಕ್ಕರು. "ಒಳ್ಳೇದೇ ಆಯ್ತು ಬಿಡ್ಲಾ!" ಎಂದರು.

ಚಿದಂಬರ ಕಾಫಿ ಮುಟ್ಟದೆ ಎದ್ದು ಹೋದ. ಮತ್ತೆ ಬರಲಿಲ್ಲ.

ಮೊದಲು ಕೆಲಸವಿರಬೇಕು ಅಂದುಕೊಂಡರು. ಆಮೇಲೆ, "ತೆಂಗಿಗೆ ರೇಟು ಬಂದೈತಲ್ಲ, ದೊಡ್ಡ ಮನುಷ್ಯ ಆಗೋದ" ಎಂದರು. ಅವನೇ ಬರಲಿ ಎಂದು ಬಿಗಿದುಕೊಂಡು ಕೂತರು. ಮಳೆಗಾಲ ಮುಗಿಯುವ ಹೊತ್ತಿಗೆ ಊಟ ಅರ್ಧಕ್ಕೆ ಬಿಡುವುದು, ಬಂದವರಿಗೆ ಬೆನ್ನು ಮಾಡಿ ಮಲಗುವುದು ಶುರುವಾಯಿತು. ಒಂದು ದಿನ ಬಸ್ ನಿಲ್ದಾಣದಲ್ಲಿ ಚಿದಂಬರ ಕಂಡ. ನೋಡಿದ. ಮುಖ ತಿರುಗಿಸಿ ಬಸ್ ಹತ್ತಿದ.

ಮನೆಗೆ ಬಂದು ಸೊಸೆಯ ಮುಂದೆ ಹಾರಾಡಿದರು. "ನಾನು ಅವನಿಗೇನು ಮಾಡಿದ್ದೆ, ಹೇಳಮ್ಮ!"

ಪುಷ್ಪಲತಾ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಅವರ ಕಿವಿಗೆ ಬಾಯಿಟ್ಟು ಕೂಗಿದಳು. "ಆವತ್ತು ಕಾಫಿ ತಂದಾಗ ಕೇಳಿಸ್ತು ಮಾವ. ಅವರ ಹೆಂಡ್ತಿ ಮಹದೇವಮ್ಮತ್ತೆಗೆ ಮರೆವಿನ ಕಾಯಿಲೆಯಂತೆ. ಗಂಡನ ಗುರುತೂ ಸಿಗಲ್ವಂತೆ. ಅದನ್ನ ಹೇಳಿದ್ದು ಅವರು. ನೀವು ನಕ್ಕುಬಿಟ್ರಿ."

"ನೀನ್ಯಾಕೆ ಆವಾಗ್ಲೇ ಹೇಳ್ಲಿಲ್ಲ?"

"ನಿಮಗೆ ಕಿವಿ ಕೇಳುತ್ತೆ ಅಂತ ನೀವೇ ಅಂದಿದ್ರಲ್ಲ!"

ರೇವಣಸಿದ್ದಪ್ಪನವರು ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಯಾರಿಗೂ ಹೇಳದೆ ಕಣಕಟ್ಟೆಯ ಬಸ್ ಹತ್ತಿದರು.

ಚಿದಂಬರ ಜಗಲಿಯ ಮೇಲಿದ್ದ. ಪಕ್ಕದಲ್ಲಿ ಮಹದೇವಮ್ಮ. ಎಷ್ಟೋ ವರ್ಷ ಉಪ್ಪಿಟ್ಟು ಬಡಿಸಿದ ಹೆಂಗಸು ಅವರನ್ನು ನೋಡಿ, ಸೆರಗು ಸರಿಮಾಡಿಕೊಂಡು, ಯಾರು ಬೇಕಿತ್ತು ಎಂಬಂತೆ ಗಂಡನ ಕಡೆ ತಿರುಗಿದಳು.

"ಚಿದಂಬರ, ನಂಗೆ ಕಿವಿ ಕೇಳಲ್ಲ ಕಣ್ಲಾ!" ಎಂದರು ರೇವಣಸಿದ್ದಪ್ಪನವರು. ತಾವು ಗುಟ್ಟಾಗಿ ಹೇಳಿದೆವೆಂದು ಅವರ ಎಣಿಕೆ. ಆಚೆಮನೆಯ ದ್ಯಾವಮ್ಮ ಬಾಗಿಲಿಗೆ ಬಂದು ನಿಂತಳು.

ಚಿದಂಬರ ಹತ್ತಿರ ಬಂದು ಕಿವಿಗೆ ಹೇಳಿದ. "ಮತ್ಯಾಕ್ಲಾ ನಕ್ಕೆ?"

"ನೀನು ನಗ್ತಿದ್ದೆ."

ಚಿದಂಬರ ತಿರುಗಿ ಹೆಂಡತಿಯನ್ನು ನೋಡಿದ.

"ಈಗ ಹೇಳ್ಲಾ," ಎಂದರು ಇವರು.

ಹೇಳುವುದು ಹೇಗೆ? ಊರಲ್ಲಿ ಯಾರಿಗೂ ಬಿಟ್ಟುಕೊಡದ ಸುದ್ದಿ ಅದು. ಕೇಳಿಸುವಂತೆ ಹೇಳಬೇಕಾದರೆ ಹೆಂಡತಿಯ ಎದುರೇ ಕೂಗಬೇಕು. ಚಿದಂಬರ ದ್ಯಾವಮ್ಮನನ್ನು ಹೆಂಡತಿಯ ಜೊತೆಗೆ ಜಗಲಿಯಲ್ಲಿ ಕೂರಿಸಿ, ಗೆಳೆಯನ ತೋಳು ಹಿಡಿದು ತೋಟದ ಕೊನೆಯವರೆಗೂ ನಡೆಸಿಕೊಂಡು ಹೋದ. ಅಲ್ಲಿ ತುಟಿ ಅಲುಗಿಸಿದ.

"ಜೋರಾಗಿ!"

"ನಾನ್ಯಾರೂಂತ ಗೊತ್ತಾಗಲ್ಲ ಕಣ್ಲಾ ಅವಳಿಗೆ!" ಚಿದಂಬರ ಕಿರುಚಿದ. ಹಕ್ಕಿಗಳು ಎದ್ದವು. "ಯಾರೋ ಒಳಗೆ ಬಂದವ್ನೆ ಅಂತ ನನ್ನೇ ಹೊಡೀತಾಳೆ! ಸಂಜೆ ಆದ್ರೆ ಮನೆಗೆ ಕರ್ಕಂಡೋಗು ಅಂತ ಅಳ್ತಾಳೆ! ಇದೇ ಮನೆ ಅಲ್ವೇನ್ಲಾ? ಇನ್ಯಾವ ಮನೆಗೆ ಕರ್ಕಂಡೋಗ್ಲಿ?"

ರೇವಣಸಿದ್ದಪ್ಪನವರು ತಲೆ ವಾರೆ ಮಾಡಿಕೊಂಡು ನಿಂತಿದ್ದರು.

ಚಿದಂಬರ ಏದುಸಿರು ಬಿಡುತ್ತ ಕೇಳಿದ. "ಕೇಳಿಸ್ತೇನ್ಲಾ ಸಿದ್ದ?"

"ಅರ್ಧ."

"ಯಾವರ್ಧ?"

"ಗೊತ್ತಿಲ್ಲ. ಮೊದಲಿಂದ ಹೇಳು."

ಚಿದಂಬರ ಟವೆಲಿನಿಂದ ಮುಖ ಒರೆಸಿಕೊಂಡ. ಈ ಸಲ ನಗಲಿಲ್ಲ. ಉಸಿರು ಎಳೆದುಕೊಂಡು, ಇನ್ನೂ ಜೋರಾಗಿ, ಮೊದಲಿಂದ ಶುರು ಮಾಡಿದ.