ನನಗಿಂತ ಮೊದಲು ಹುಮನಾಬಾದಿಗೆ ಹೋದವಳು

ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು. ದೆವ್ವ, ಗಾಳಿ, ಶಕುನ ಅಂತ ಯಾರಾದರೂ ಶುರು ಮಾಡಿದರೆ ‘ನಾನ್‌ಸೆನ್ಸ್’ ಅಂದು ಎದ್ದು ಹೋಗುತ್ತಿದ್ದೆ. ಈಗ ಹಾಗೆ ಎದ್ದು ಹೋಗಲಾರೆ. ಇಂಥವೆಲ್ಲ ರಾತ್ರಿ ಹೊತ್ತು ನಡೆಯುತ್ತವೆ ಅನ್ನುತ್ತಾರೆ. ನನ್ನದು ನಡೆದದ್ದು ಸುಡುಬಿಸಿಲಿನ ಮಧ್ಯಾಹ್ನ, ಹುಮನಾಬಾದಿನ ಒಂದು ಪಡಸಾಲೆಯಲ್ಲಿ.

ಅದು ನಿಜಾಮರ ಆಳ್ವಿಕೆಯ ಕೊನೆಗಾಲ. ನಮ್ಮೂರು ಬಸವಕಲ್ಯಾಣವನ್ನು ಆಗ ಬರೀ ಕಲ್ಯಾಣಿ ಅನ್ನುತ್ತಿದ್ದೆವು. ನನಗೆ ಹದಿನಾಲ್ಕು. ಹೊಸ ಯೂನಿಫಾರ್ಮಿಗೆ ಅಳತೆ ಕೊಡುವಾಗ ನನ್ನ ಒಂದು ಭುಜ ಮೇಲೆ, ಒಂದು ಕೆಳಗೆ ಇರುವುದು ಸಿಸ್ಟರ್ ಒಬ್ಬರ ಕಣ್ಣಿಗೆ ಬಿತ್ತು. ಡಾಕ್ಟರು ಸ್ಕೋಲಿಯೋಸಿಸ್ ಅಂದರು. ಬೆನ್ನೆಲುಬು ಡೊಂಕಾಗುತ್ತಿದೆ, ಬೆಳೆಯುವ ವಯಸ್ಸು ಮುಗಿಯುವುದರೊಳಗೆ ಪ್ಲಾಸ್ಟರ್ ಜಾಕೆಟ್ ಹಾಕಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿಸಬೇಕು. ಅಪ್ಪ ಆಗಲೇ ತೀರಿಕೊಂಡಿದ್ದರು. ಅಷ್ಟು ಖರ್ಚು ಅವ್ವನ ಕೈಯಲ್ಲಿ ಆಗುವ ಮಾತಲ್ಲ.

ಅವ್ವ ಊರಲ್ಲಿ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಬೆನ್ನು ಡೊಂಕು ಅಂತ ಒಬ್ಬರ ಕಿವಿಗೆ ಬಿದ್ದರೂ ಮಗಳಿಗೆ ವರ ಸಿಗುವುದಿಲ್ಲ. ಕಡೆಗೆ ತವರಿನಲ್ಲಿ ಜೊತೆಗೆ ಬೆಳೆದ ಗೆಳತಿ ಗುರಮ್ಮ ನೆನಪಾದಳು, ಹುಮನಾಬಾದಿನ ಕಾಳಿನ ವ್ಯಾಪಾರಿಗಳ ಮನೆಯ ಸೊಸೆ. ಹಣ ಕೇಳಲು ಅವಳಲ್ಲಿಗೆ ಹೊರಟೆವು. ಮೋಟಾರಿನಲ್ಲಿ ದಾರಿಯುದ್ದಕ್ಕೂ ಅವ್ವ ನನಗೆ ಪಾಠ ಹೇಳಿಕೊಟ್ಟಳು. ಬೇನೆ ನಿನಗಲ್ಲ, ಸೋದರಮಾವನ ಮಗನಿಗೆ. ನೀನು ಸೆರಗು ಹೊದ್ದು ನೆಟ್ಟಗೆ ಕೂಡಬೇಕು, ಅಷ್ಟೆ.

ಗುರಮ್ಮ ಬೆಲ್ಲ, ನೀರು ತಂದಿಟ್ಟಳು. ಅವ್ವ ಅಣ್ಣನ ಮಗನ ಕಥೆ ಹೇಳಿ ಮುಗಿಸುವವರೆಗೂ ನನ್ನನ್ನೇ ನೋಡುತ್ತಿದ್ದಳು.

“ಯಾಕ ಸುಳ್ಳ ಹೇಳ್ತಿ ಕಾಶಮ್ಮ? ಮುಂಜಾನೆ ಈಕಿನ ಬಂದು ಎಲ್ಲಾ ಹೇಳ್ಯಾಳಲ್ಲ.”

ಹೊತ್ತು ಏರುವ ಮೊದಲೇ ನಾನು ಒಬ್ಬಳೇ ಬಂದಿದ್ದೆನಂತೆ. ನಾನು ಕಾಶಮ್ಮನ ಮಗಳು, ನನ್ನ ಬೆನ್ನು ಡೊಂಕಾಗಿದೆ, ಕೇಳಲು ಅವ್ವನಿಗೆ ನಾಚಿಕೆ ಅಂದೆನಂತೆ. ಗುರಮ್ಮ ಬೆನ್ನು ಸವರಿ ನೋಡಿ, ಅತ್ತು, ಉಡಿ ತುಂಬಿ, ತವರಿನವರು ಹಾಕಿದ ಚಿನ್ನದ ಪಾಟ್ಲಿಯನ್ನು ಕೈಯಿಂದ ತೆಗೆದು ಆ ಉಡಿಯಲ್ಲೇ ಇಟ್ಟಳಂತೆ. ಹುಡುಗಿ ಹೋಗುವಾಗ ‘ಥ್ಯಾಂಕ್ಯೂ ಆಂಟಿ’ ಅಂದಳಂತೆ. ಆ ಮಾತು ಗುರಮ್ಮನ ನಾಲಗೆಗೆ ಹೊರಳಲೇ ಇಲ್ಲ. ಅದನ್ನು ಅವಳಿಗೆ ಆ ಮನೆಯಲ್ಲಿ ಕಲಿಸುವವರಾದರೂ ಯಾರಿದ್ದರು?

ಆ ಹೊತ್ತಿಗೆ ನಾನು ಕಲ್ಯಾಣಿಯಲ್ಲಿ ಅವ್ವನ ಮುಂದೆ ಕೂತು ಜಡೆ ಹಾಕಿಸಿಕೊಳ್ಳುತ್ತಿದ್ದೆ. ಅವ್ವ ದೇವರಾಣೆ ಇಟ್ಟಳು, ನಿಜವನ್ನೂ ಹೇಳಿದಳು. ಆದರೆ ಸುಳ್ಳಿನ ಹಿಂದೆ ಬಂದ ನಿಜವನ್ನು ಯಾರು ನಂಬುತ್ತಾರೆ? ಗುರಮ್ಮ ಸಿಟ್ಟಾಗಲಿಲ್ಲ. ಬರಿಗೈ ಎತ್ತಿ ತೋರಿಸಿದಳು. ಪಾಟ್ಲಿ ಇದ್ದ ಜಾಗ ಬೆಳ್ಳಗಿತ್ತು.

“ಖರೇ ಹೇಳಿದ ಮಗಳಿಗಿ ಕೊಟ್ಟೀನಿ, ಅದರ ದುಃಖ ಇಲ್ಲ ನನಗ. ಸುಳ್ಳ ಹೇಳೋ ತಾಯಿಗಿ ಕೊಡಾಕ ಇನ್ನೊಂದು ಇಲ್ಲವ್ವ.”

ಬರುವಾಗ ಮೋಟಾರಿನಲ್ಲಿ ಅವ್ವ ಒಂದೇ ಸಲ ಕೇಳಿದಳು, “ನೀನ ಹೋಗಿದ್ದೇನು?”

“ನಿನ್ನ ಕೂಡನ ಇದ್ನಲ್ಲವ್ವ.”

“ಹೌದಲ್ಲ,” ಅಂದು ಹೊರಗೆ ನೋಡುತ್ತ ಕೂತಳು. ಮತ್ತೆಂದೂ ಕೇಳಲಿಲ್ಲ. ಆದರೆ ಆಮೇಲೆ ನನ್ನ ಜಡೆ ಹಾಕುವಾಗ ಅವಳ ಕೈ ಪರರ ಮಗುವನ್ನು ಮುಟ್ಟಿದ ಹಾಗೆ ಇರುತ್ತಿತ್ತು. ಮನೆಯಲ್ಲಿ ಇದ್ದದ್ದು ಇಬ್ಬರೇ, ಮಾತು ಅರ್ಧಕ್ಕರ್ಧ ಕಡಿಮೆಯಾಯಿತು.

ಜಾಕೆಟ್ ಹಾಕಿಸಲು ಆಗಲೇ ಇಲ್ಲ. ಬೆನ್ನು ಬಗ್ಗಿಯೇ ಉಳಿಯಿತು, ಮದುವೆಯೂ ಆಗಲಿಲ್ಲ. ಗುರಮ್ಮನೇ ಕಟ್ಟಿದ ಕಥೆ ಅಂತ ರೀಸನಿಂಗ್ ಮಾಡಿ ನೋಡಿದ್ದೇನೆ. ನಾವು ಯಾರಿಗೂ ಹೇಳದ ಬೆನ್ನಿನ ಸಂಗತಿ ಅವಳಿಗೆ ಹೇಗೆ ತಿಳಿಯಿತು ಅನ್ನುವಲ್ಲಿ ಬಂದು ನಿಲ್ಲುತ್ತೇನೆ. ಮುಂಜಾನೆ ಬಂದ ಆ ಹುಡುಗಿ ಯಾರೋ ನನಗೆ ಗೊತ್ತಿಲ್ಲ. ಆಕೆಯ ಮೇಲೆ ಸಿಟ್ಟೂ ಇಲ್ಲ. ಆ ಪಾಟ್ಲಿಯಿಂದ ಆಕೆಯ ಬೆನ್ನಾದರೂ ನೆಟ್ಟಗಾಯಿತೇ, ಅದೊಂದು ತಿಳಿದರೆ ಸಾಕಿತ್ತು.