ದೊಡ್ಡಮ್ಮನ ಕೈ ನಿಂತ ಕತೆ

ಸೊಗಡಿನ ಅವರೆಕಾಯಿಯ ವಾಸನೆ ಮೂಗಿಗೆ ಬಿದ್ದರೆ ಸಾಕು, ಶಾಂತಿಗ್ರಾಮದ ನಮ್ಮ ಮನೆಯ ಪಡಸಾಲೆ ಕಣ್ಣೆದುರು ಬಂದು ನಿಲ್ಲುತ್ತದೆ. ಆ ಮನೆ ಈಗಿಲ್ಲ, ರಸ್ತೆ ಅಗಲ ಮಾಡಿದಾಗ ಹೋಯಿತು. ಆ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಕೂತಿರುತ್ತಿದ್ದವಳು ನನ್ನ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ. ಅವಳಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಹೆಮ್ಮೆಯಿಂದ ಹೇಳುತ್ತೇನೆ, ಅವಳಂಥ ಓದುಗರನ್ನು ನಾನು ಇಂದಿಗೂ ಕಂಡಿಲ್ಲ.

ಊರಿಗೆ ಕರೆಂಟು ಬಂದ ಹೊಸತು. ವಾರಪತ್ರಿಕೆಯ ಧಾರಾವಾಹಿಯನ್ನು ಅವಳಿಗೆ ಓದಿ ಹೇಳುವುದು ಹನ್ನೊಂದು ವರ್ಷದ ನನ್ನ ಕೆಲಸ. ಬರಿಗೈಯಲ್ಲಿ ಕೂತು ಕತೆ ಕೇಳುವ ಜಾಯಮಾನ ಅವಳದಲ್ಲ. ಅಕ್ಕಿ ಆರಿಸುತ್ತಲೋ ಬತ್ತಿ ಹೊಸೆಯುತ್ತಲೋ ಕೇಳುವಳು. ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಕತೆ ಮನಸ್ಸಿಗೆ ನಾಟಿದ ಕಡೆ ಕೈ ತಾನಾಗಿ ನಿಂತುಬಿಡುತ್ತಿತ್ತು, ಅಷ್ಟೆ. ಅದು ಎಲ್ಲಿ ನಿಲ್ಲುತ್ತದೆಂದು ನೋಡಿ ನೋಡಿಯೇ ಬರವಣಿಗೆಯ ಹದ ಯಾವುದೆಂದು ನಾನು ಕಲಿತದ್ದು.

ಆ ಧಾರಾವಾಹಿಯ ಹುಡುಗಿ ಬಸುರಿಯಾಗಿ ತವರಿಗೆ ಬಂದಳು. ಕೊನೆಯ ಕಂತಿನಲ್ಲಿ ಹೆರಿಗೆಯಲ್ಲೇ ಹೋಗಿಬಿಟ್ಟಳು. ದೊಡ್ಡಮ್ಮನ ಒಬ್ಬಳೇ ಮಗಳು ಹಾಗೆಯೇ ಹೋಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಪುಟದ ಮೇಲೆ ಕಣ್ಣಾಡಿಸಿದವಳು ಓದುವುದನ್ನು ನಿಲ್ಲಿಸಿದೆ. "ಯಾಕವ್ವ ನಿಲ್ಲಿಸ್ಬುಟ್ಟೆ? ಓದು" ಎಂದಳು, ಅವರೆಕಾಯಿ ಬಿಡಿಸುತ್ತಾ. ಬಾಯಿಗೆ ಬಂದದ್ದನ್ನು ಓದಿದೆ: ಮಗಳು ಉಳಿದಳು, ಗಂಡು ಮಗು ಹುಟ್ಟಿತು, ತಾಯಿ ಬಾಣಂತಿಗೆ ಬಿಸಿಬಿಸಿ ನೀರು ಹಾಕಿದಳು. ದೊಡ್ಡಮ್ಮ "ಒಳ್ಳೇದಾಯ್ತು ಬುಡು" ಎಂದು ಕಾಯಿ ಬಿಡಿಸುತ್ತಲೇ ಇದ್ದಳು. ನಾನು ಗೆದ್ದೆ ಅಂದುಕೊಂಡೆ.

ಹದಿನೈದು ದಿನದಲ್ಲಿ ಆ ಧಾರಾವಾಹಿ ಬರೆದ ಲೇಖಕಿ ಹಾಸನಕ್ಕೆ ಭಾಷಣಕ್ಕೆ ಬರುತ್ತಾರೆಂಬ ಸುದ್ದಿ ಬಂತು. "ಆ ಯಮ್ಮನ್ನ ಒಂದ್ಸಲ ನೋಡ್ಬೇಕು, ಕರ್ಕಂಡೋಗಪ್ಪ" ಎಂದು ದೊಡ್ಡಮ್ಮ ಅಪ್ಪನ ಹತ್ತಿರ ಹಟ ಹಿಡಿದಳು. ನನ್ನ ಕಳ್ಳತನ ಬಯಲಾಗುವ ಹೊತ್ತು ಬಂತು. ಹೊರಟಿದ್ದು ಭಾಷಣಕ್ಕೆ, ಚೀಲದಲ್ಲಿ ಅವರೆಕಾಯಿ ಬೇರೆ! ತುಂಬಿದ ಸಭೆಯಲ್ಲಿ ಅದನ್ನು ಮಡಿಲಿಗೆ ಸುರಿದುಕೊಂಡು ಬಿಡಿಸತೊಡಗಿದಾಗ ನಾಚಿಕೆಯಿಂದ ನಾನು ಮುದುಡಿಹೋದೆ. ಲೇಖಕಿ ಸಣ್ಣ ದನಿಯಲ್ಲಿ, ಅವಸರವಿಲ್ಲದೆ ಮಾತಾಡಿದರು. "ಸತ್ತಳು ಅಂತ ಮೂರು ಸಲ ಬರೆದೆ, ಮೂರು ಸಲವೂ ಹೊಡೆದುಹಾಕಿದೆ" ಎಂದು ಹೇಳಿ ಕೊನೆಯ ಪುಟ ಓದಿದರು. ಅದರಲ್ಲಿ ಸಾವೆಂಬ ಮಾತೇ ಇರಲಿಲ್ಲ. ಬಾಣಂತಿಗೆಂದು ಹಂಡೆಯಲ್ಲಿ ನೀರು ಮರಳುತ್ತಿದೆ. ತಾಯಿ ಒಳಗಿನಿಂದ ಬಂದು ಉರಿಯುವ ಸೌದೆಗಳನ್ನು ಒಂದೊಂದಾಗಿ ಒಲೆಯಿಂದ ಹೊರಗೆಳೆಯುತ್ತಾಳೆ. ಅಷ್ಟೇ. ಪಕ್ಕಕ್ಕೆ ತಿರುಗಿ ನೋಡಿದೆ. ಅರ್ಧ ಸೀಳಿದ ಕಾಯಿ ದೊಡ್ಡಮ್ಮನ ಬೆರಳಲ್ಲೇ ನಿಂತಿತ್ತು.

ಮರಳುವಾಗ ಬಸ್ಸಿನಲ್ಲಿ ಅಳುತ್ತಾ ತಪ್ಪೊಪ್ಪಿಕೊಂಡೆ.

"ಅವತ್ತೇ ಗೊತ್ತಾಯ್ತು ಕಣವ್ವ. ನೀನು ಓದ್ತಿದ್ರೆ ನನ್ ಕೈ ನಿಲ್ಲನೇ ಇಲ್ಲ. ಇದು ಆ ಯಮ್ಮ ಬರ್ದಿರಾದಲ್ಲ ಅನ್ಕಂಡೆ." ನನ್ನ ತಲೆ ಸವರಿದಳು. ಆಮೇಲೆ ಕಿಟಕಿಯ ಕಡೆ ತಿರುಗಿ ಅಂದಳು: "ಮಗ್ಳು ಹೋದ್ ದಿನ ಸೌದೆ ಎಳ್ದೋಳು ನಾನೇ ಅಲ್ವಾ. ಆ ಯಮ್ಮಂಗೆ ಅದ್ಯಾರು ಹೇಳುದ್ರೋ!"

ಈಗ ನನ್ನ ಕಣ್ಣು ಮಂಜಾಗಿದೆ. ಮೊಮ್ಮಗಳು ಕತೆ ಓದುತ್ತಾಳೆ, ನಾನು ಅವರೆಕಾಯಿ ಬಿಡಿಸುತ್ತೇನೆ. ನನ್ನ ಕೈ ನಿಂತಾಗಲೆಲ್ಲ ದೊಡ್ಡಮ್ಮನಿಗೆ ಹೇಳಬೇಕೆನ್ನಿಸುತ್ತದೆ.